ನಾಲ್ಕನೇ ಫೀಡರಿನ ರಟ್ಟು

“ಇದು ನಾನ ಕೊರದದ್ದು,” ಎಂದಳು ಸಾವಿತ್ರೆವ್ವ.

ಹೆಬ್ಬೆರಳ ಉಗುರಿನಷ್ಟಿದ್ದ ರಟ್ಟಿನ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಮತ್ತೊಮ್ಮೆ ನೋಡಿದಳು. ಅಂದಾನೆಪ್ಪ ಕೈ ಚಾಚಿದರು. ಅವಳು ಕೊಡಲಿಲ್ಲ.

“ಬನಹಟ್ಟಿಯೊಳಗ ರಟ್ಟು ಕೊರಿಯೋ ಮಂದಿ ಒಬ್ಬರೋ ಇಬ್ಬರೋ? ನಿಂದ ಅಂತ ಹ್ಯಾಂಗ ಹೇಳ್ತೀ ಸಾವಿತ್ರೆವ್ವಾ?”

“ತೂತು ನೋಡ್ರಿ. ದುಂಡಗ ಅದಾವೇನು? ತತ್ತಿ ಆಗ್ಯಾವ. ನನ್ನ ಮಷಿನ್ನಿನ ಒಂದು ಮೊಳಿ ಸವದು ಎರಡು ವರ್ಷ ಆತು. ಹೊಸಾದು ಹಾಕಸು ಅಂತ ನನ್ನ ಮಗ ಬಡಕೋತಾನ. ನಾ ಹಾಕಸಿಲ್ಲ. ಇವತ್ತ ನಿಮ್ಮ ಕೆಲಸಕ್ಕ ಬಂತಲ್ಲ, ಛಲೋನ ಆತು.”

ಛಲೋ ಆಯಿತೋ ಕೆಟ್ಟದ್ದಾಯಿತೋ, ಅದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಒಂಬತ್ತು ದಿನದ ಹಿಂದೆ ಹಿಪ್ಪರಗಿ ಕಡೆಯ ಹೊಳೆದಂಡೆಯಲ್ಲಿ ಲೈನ್‌ಮನ್ ಜಕ್ಕಪ್ಪ ಕಂಬದ ಮೇಲೆ ಸುಟ್ಟು ಸತ್ತದ್ದು ಈ ಚೂರಿನಿಂದ. ಸಬ್‌ಸ್ಟೇಷನ್ನಿನ ರಿಲೇ ಪೆಟ್ಟಿಗೆಯೊಳಗೆ ಸಿಕ್ಕ ಇದನ್ನು ಪಿಎಸ್‌ಐ ರಾಜಶ್ರೀ, ಹಳೆಯ ರಿಲೇ ಬಲ್ಲ ನಿವೃತ್ತ ನೌಕರರೆಂದು ನಂಬಿ, ಅಂದಾನೆಪ್ಪನವರ ಕೈಗೆ ಕೊಟ್ಟಿದ್ದರು. ತಗಡಿನ ಡಬ್ಬಿಯಲ್ಲಿಟ್ಟುಕೊಂಡು ತಿರುಗಿದ್ದೇ ತಿರುಗಿದ್ದು. ಮುಧೋಳದ ಮಿಠಾಯಿ ಅಂಗಡಿಯವರು ನಮ್ಮ ಪೊಟ್ಟಣದ್ದಲ್ಲ ಎಂದರು. ಬೀಳಗಿಯ ಪ್ರೆಸ್ಸಿನವರು ಲಗ್ನಪತ್ರಿಕೆಯದ್ದೂ ಅಲ್ಲ ಎಂದರು. ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ನೇಕಾರರ ಮುದುಕಿಯೊಬ್ಬಳು “ಸೀರಿ ದಡಿ ರಟ್ಟು ಹಿಡಕೊಂಡು ಯಾಕ ಕುಂತೀರಿ?” ಎಂದು ಕೇಳಿ, ತೂತಿನಿಂದ ಮಗ್ಗಕ್ಕೆ ದಡಿಯ ನಮೂನೆ ಹೇಳುವ ರಟ್ಟಿದು ಎಂದು ತಿಳಿಸಿರದಿದ್ದರೆ ಇನ್ನೂ ತಿರುಗುತ್ತಲೇ ಇರುತ್ತಿದ್ದರು.

“ಯಾರಿಗೆ ಕೊರದಿದ್ದಿ?”

ಸಾವಿತ್ರೆವ್ವನ ಮುಖದ ಮೇಲಿನ ನಗು ಇಳಿಯಿತು. ತೂತುಗಳ ಮೇಲೆ ಬೆರಳಾಡಿಸಿದಳು. “ಎರಡು ತೂತು, ಒಂದು ಖಾಲಿ, ಮತ್ತ ಒಂದು. ಗೋಮಿ ನಮೂನಿ ದಡಿ ಇದು, ಅದರಾಗೂ ನಾನ ತಿದ್ದಿದ್ದು. ಇದನ್ನ ಒಂದ ಮನಿಗೆ ಕೊಟ್ಟೀನ್ರಿ. ನನ್ನ ಹತ್ರ ಕುಂತು ಮಗ್ಗ ಕಲ್ತ ಹುಡುಗಿಗೆ.”

“ಹೆಸರು?”

“ವೈಶಾಲಿ. ಸತ್ತ ಜಕ್ಕಪ್ಪನ ಮಗಳು.”

ಅಂದಾನೆಪ್ಪ ಚೂರನ್ನು ಅವಳಿಂದ ಇಸಿದುಕೊಂಡು ಡಬ್ಬಿಯ ಮುಚ್ಚಳ ಹಾಕಲು ಎರಡು ಸಲ ತಡಕಾಡಿದರು. ಎಡಗಣ್ಣಿನ ಪೊರೆ ಬೆಳೆದು ವರ್ಷವಾಗಿತ್ತು. ಆಪರೇಷನ್ ಮಾಡಿಸ್ಕೊಳ್ರಿ ಎಂದವರಿಗೆಲ್ಲ, “ನನ್ನ ಕೈಗೇ ಕಣ್ಣದಾವ” ಎಂದು ಜಂಬ ಕೊಚ್ಚಿಕೊಂಡು ಬಂದ ಮನುಷ್ಯ.

ವೈಶಾಲಿಯ ಮನೆಯಿದ್ದ ನೇಕಾರರ ಕಾಲೊನಿಗೆ ನಡೆದೇ ಹೊರಟರು. ಶ್ರಾವಣದ ಮೋಡ ಬಂದು ಬಿಸಿಲನ್ನು ನುಂಗುವುದು, ಉಗುಳುವುದು ಮಾಡುತ್ತಿತ್ತು.

ಕರೆಂಟಿಗೊಂದು ನಾಡಿ ಇದೆ. ಸೆಕೆಂಡಿಗೆ ಐವತ್ತು ಬಡಿತ, ಇಡೀ ದೇಶದ ತಂತಿಗೆಲ್ಲ ಒಂದೇ. ಮೂವತ್ತೈದು ವರ್ಷ ಆ ನಾಡಿ ಹಿಡಿದು ನೋಡಿದ್ದಕ್ಕೇ ಈ ನಾಲ್ಕು ಊರುಗಳಲ್ಲಿ ಅವರಿಗೆ ‘ರಿಲೇ ಅಂದಾನೆಪ್ಪ’ ಎಂಬ ಹೆಸರು. ಹಿಂದೆ ಕಲ್ಲಿದ್ದಲಿನ ದೊಡ್ಡ ದೊಡ್ಡ ಟರ್ಬೈನು, ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳವು ಬೇರೆ, ಗರಗರ ತಿರುಗುತ್ತಿದ್ದವು. ಕಬ್ಬು ಹೇರಿದ ಟ್ರ್ಯಾಕ್ಟರು ಎಂಜಿನ್ ಬಂದಾದರೂ ನಾಲ್ಕು ಮಾರು ಮುಂದೆ ಹೋಗಿಯೇ ನಿಲ್ಲುತ್ತದೆ. ಭಾರಕ್ಕೆ ಆ ಗುಣವಿದೆ. ಬಿಸಿಲು ಕುಡಿಯುವ ಸೋಲಾರ್ ಹಲಗೆಗೆ ಭಾರವೆಲ್ಲಿಂದ ಬರಬೇಕು? ಹತ್ತು ತಾಲೂಕಿನ ಮೇಲೆ ಒಮ್ಮೆಗೇ ಮೋಡ ಬಂತೆಂದರೆ ನಾಡಿ ಧಡಕ್ಕನೆ ಇಳಿಯುತ್ತದೆ. ಮಳೆಗಾಲದಲ್ಲಿ ಕಾರ್ಖಾನೆಗಳೂ ಮಲಗಿರುತ್ತವೆ, ಆಧರಿಸುವವರು ಯಾರೂ ಇಲ್ಲ.

ಹಾಗೆ ಇಳಿದಾಗ ಇಡೀ ಜಾಲವೇ ನೆಲಕಚ್ಚಬಾರದೆಂದು, ಕೆಲವು ಊರಿನ ಲೈನುಗಳನ್ನು ಕಣ್ಣು ಮಿಟುಕಿಸುವುದರೊಳಗೆ ಕತ್ತರಿಸಿ ಹಾಕುತ್ತದೆ ರಿಲೇ. ಹೊಳಿಸಾಲ ಸಬ್‌ಸ್ಟೇಷನ್ನಿನಲ್ಲಿ ನಾಲ್ಕು ಫೀಡರಿಗೆ, ಎಂದರೆ ಅಲ್ಲಿಂದ ಹೊರಡುವ ನಾಲ್ಕು ಲೈನುಗಳಿಗೆ, ಅಂಥ ನಾಲ್ಕು ಹಳೆಯ ರಿಲೇಗಳಿವೆ. ಮೂರನೆಯದು ನೇಕಾರರ ಕಾಲೊನಿಯದು, ನಾಲ್ಕನೆಯದು ಹೊಳೆದಂಡೆಯ ಪಂಪ್‌ಸೆಟ್ಟಿನದು. ರಿಲೇಯ ಎರಡು ತುಟಿಗಳ ನಡುವೆ ರಟ್ಟಿನ ಚೂರು ಸಿಕ್ಕಿಸಿದರೆ ಅದು ಮೂಕಾಗುತ್ತದೆ. ಊರೆಲ್ಲ ಕತ್ತಲಾದರೂ ಆ ಫೀಡರಿಗೆ ಕರೆಂಟು ಹೋಗುವುದಿಲ್ಲ. ಕಾನೂನಿನ ಪ್ರಕಾರ ಅಪರಾಧ; ಬೇಕಾದವರ ಮನೆಯಲ್ಲಿ ಲಗ್ನವಿದ್ದರೆ, ಪರೀಕ್ಷೆಯಿದ್ದರೆ ಎಲ್ಲರೂ ಮಾಡುವಂಥದ್ದು.

ಲೈನ್‌ಮನ್‌ಗಳದ್ದು ಇನ್ನೊಂದು ರೂಢಿ. ಪರ್ಮಿಟ್ ಚೀಟಿ ಬರೆಸಿ, ಲೈನು ಬಂದ್ ಮಾಡಿಸಿ, ಆಮೇಲೆ ಕಂಬ ಹತ್ತಬೇಕು. ಅದಕ್ಕೆ ಅರ್ಧ ದಿನ ಬೇಕು. ಮೋಡದ ದಿನಗಳಲ್ಲಿ ರಿಲೇ ತಾನಾಗಿಯೇ ಹತ್ತು ನಿಮಿಷ ಲೈನು ಸಾಯಿಸುವುದನ್ನು ಕಂಡವರು, ಮೊಬೈಲಿನಲ್ಲಿ ನಾಡಿ ಬಿದ್ದದ್ದು ನೋಡಿ ಸರ್ರನೆ ಹತ್ತಿ ಇಳಿಯುವುದನ್ನು ಕಲಿತುಬಿಟ್ಟಿದ್ದರು. ಆ ಗುರುವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಜಕ್ಕಪ್ಪ ಹಾಗೆಯೇ ಹತ್ತಿದ. ನಾಲ್ಕನೇ ರಿಲೇ ಮೂಕಾಗಿತ್ತು, ಲೈನು ಜೀವಂತ ಇತ್ತು.

ಡ್ಯೂಟಿಯಲ್ಲಿದ್ದ ಆಪರೇಟರ್ ಮಾಳಿಂಗರಾಯ ಈಗ ಠಾಣೆಯಲ್ಲಿದ್ದ. ಲಾಗ್‌ಬುಕ್ಕಿನ ಗುರುವಾರದ ಹಾಳೆ ಹರಿದುಹೋಗಿತ್ತು. ಅದೊಂದೇ ಸಾಕಾಗಿತ್ತು ಅವನನ್ನು ಒಳಗೆ ಹಾಕಲು. ನಾಡಿದ್ದು ಸೋಮವಾರ ಮತ್ತೆ ಕೋರ್ಟಿಗೆ ಹಾಜರು. ಬೀರದೇವರ ಗುಡಿಯಲ್ಲಿ ಡೊಳ್ಳು ಬಾರಿಸಿಕೊಂಡಿದ್ದವನನ್ನು ಕರೆತಂದು, ಕೈಹಿಡಿದು ಕೆಲಸ ಕಲಿಸಿದವರು ಅಂದಾನೆಪ್ಪ. ಮಕ್ಕಳಿಲ್ಲದ ಮನುಷ್ಯನಿಗೆ ಅವನೇ ಮಗ. ಅವನನ್ನು ಬಿಡಿಸಿ ತರುವುದೊಂದು ಬಿಟ್ಟರೆ ಅವರಿಗೆ ಈ ಲೋಕದಲ್ಲಿ ಬೇರೆ ಕೆಲಸ ಉಳಿದಿರಲಿಲ್ಲ. ಅವನೋ ಮೊನ್ನೆ ಸರಳಿನ ಆಚೆ ನಿಂತು, “ನನ್ನ ಸಲುವಾಗಿ ತಿರಗಬ್ಯಾಡ್ರಿ ಸರ್. ಇಷ್ಟಕ್ಕ ಬಿಟ್ಟಬಿಡ್ರಿ” ಎಂದು ಕೈ ಮುಗಿದಿದ್ದ. ಎದೆಗುಂದಿದವರ ಮಾತು ಎಂದುಕೊಂಡು ಇವರು ಕಣ್ಣೊರೆಸಿಕೊಂಡು ಬಂದಿದ್ದರು.

ಅಂದಾನೆಪ್ಪನವರ ಕಣ್ಣಿದ್ದದ್ದು ಸೆಕ್ಷನ್ ಆಫೀಸರ್ ಚಿದಾನಂದನ ಮೇಲೆ. ಕೈಗವಸು ಕೊಡುತ್ತಿಲ್ಲ ಎಂದು ಜಕ್ಕಪ್ಪ ಮೇಲಿನವರಿಗೆ ಅರ್ಜಿ ಬರೆದಂದಿನಿಂದ ಚಿದಾನಂದ ಹಲ್ಲು ಕಡಿಯುತ್ತಿದ್ದ. ಗುರುವಾರ ಮಧ್ಯಾಹ್ನ ಒಂದಕ್ಕೆ ಬೈಕಿನ ಮೇಲೆ ಸಬ್‌ಸ್ಟೇಷನ್ನಿಗೆ ಬಂದು, ಕಂಟ್ರೋಲ್ ರೂಮಿನಲ್ಲಿ ಒಬ್ಬನೇ ಐದು ನಿಮಿಷ ಇದ್ದು ಹೋಗಿದ್ದ. ರಟ್ಟನ್ನು ನಾಲ್ಕನೇ ರಿಲೇಗೆ ಹಾಕಲು ಐದು ನಿಮಿಷ ಯಾಕೆ, ಅರ್ಧ ನಿಮಿಷ ಸಾಕು.

ಆದರೆ ಒಂದು ಮಾತನ್ನು ಅಂದಾನೆಪ್ಪ ರಾಜಶ್ರೀ ಅವರಿಗೂ ಹೇಳಿರಲಿಲ್ಲ. ಇಲಾಖೆಯ ಹೊಸಬರಿಗೆ ಹಳೆಯ ರಿಲೇ ತಿಳಿಯುವುದಿಲ್ಲವೆಂದು, ನಿವೃತ್ತರಾದ ಮೇಲೂ ಅವರನ್ನು ಬಾಯಿಮಾತಿನಲ್ಲಿ ಕರೆಸಿಕೊಳ್ಳುತ್ತಿದ್ದರು. ಆ ಗುರುವಾರ ಮುಂಜಾನೆ ಟೆಸ್ಟಿಗೆ ಹೋದವರು ಇವರೇ. ಇದೇ ರಟ್ಟು ಆಗ ಮೂರನೇ ರಿಲೇಯಲ್ಲಿತ್ತು. ತೆಗೆದು, ಟೆಸ್ಟ್ ಮಾಡಿ, ಮತ್ತೆ ಇದ್ದಲ್ಲೇ ಇಟ್ಟಿದ್ದರು. ರಟ್ಟು ಕಂಡರೆ ಯಾರದು ಅಂತ ಕೇಳಬಾರದು, ಇಟ್ಟವನಿಗೆ ಅವನ ಕಾರಣ ಇರುತ್ತದೆ. ಇದು ಅವರೇ ಮೂವತ್ತೈದು ವರ್ಷ ಕಲಿಸಿಕೊಂಡು ಬಂದ ಪಾಠ. ಹಾಗಾದರೆ ಮೂರರಿಂದ ನಾಲ್ಕಕ್ಕೆ ಅದನ್ನು ಸರಿಸಿದವರು ಯಾರು? ಹನ್ನೊಂದೂವರೆಗೆ ಅವರು ಪೆಟ್ಟಿಗೆ ಮುಚ್ಚಿದ್ದರು. ಮೂರೂ ಹತ್ತಕ್ಕೆ ಜಕ್ಕಪ್ಪ ಸತ್ತ. ಕೊಲೆಗಾರ ಆ ನಡುವಿನ ಹೊತ್ತಿನಲ್ಲಿದ್ದಾನೆ.

ವೈಶಾಲಿಯ ಶೆಡ್ಡಿನಲ್ಲಿ ಎರಡು ಮಗ್ಗಗಳೂ ನಿಂತಿದ್ದವು. ಸುತ್ತಲಿನ ಮನೆಗಳ ಖಟಖಟ ಸದ್ದಿನ ನಡುವೆ ಆ ಶೆಡ್ಡು ಮಾತ್ರ ಮೌನವಾಗಿತ್ತು. ಇಪ್ಪತ್ತನಾಲ್ಕರ ಹುಡುಗಿ ನೆಲದ ಮೇಲೆ ಕೂತು ಸುಮ್ಮನೆ ನೂಲಿನ ಕಂಡಿಕೆಗಳನ್ನು ಬುಟ್ಟಿಗೆ ಹಾಕುತ್ತಿದ್ದಳು, ಮತ್ತೆ ತೆಗೆಯುತ್ತಿದ್ದಳು. ಒಳಗಿನ ಕೋಣೆಯಲ್ಲಿ ಅವಳ ತಾಯಿ ತಂಗೆವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಬರ್ರಿ ಕಾಕಾ. ಚಿದಾನಂದನ್ನ ಹಿಡದ್ರೇನ್ರಿ?”

ಅಂದಾನೆಪ್ಪ ಡಬ್ಬಿ ತೆರೆದು ಅವಳ ಮುಂದಿಟ್ಟರು. ಅವಳು ನೋಡಿದಳು. ಬುಟ್ಟಿಯಲ್ಲಿದ್ದ ಕೈ ಅಲ್ಲೇ ನಿಂತಿತು.

“ಇದು ನಿಂದ ಹೌದಲ್ಲವಾ?”

“ಗೊತ್ತಿಲ್ರಿ.”

“ಸಾವಿತ್ರೆವ್ವ ಗುರ್ತ ಹಿಡದಾಳ ತಂಗಿ.”

“ಮುದುಕಿಗೇನ್ರಿ, ಎಲ್ಲಾ ರಟ್ಟೂ ಅಕಿಗೆ ತನ್ನವ.”

“ಸುಳ್ಳ ಹೇಳಬ್ಯಾಡ. ಅಲ್ಲೊಬ್ಬ ತಪ್ಪಿಲ್ಲದ ಹುಡುಗ ಒಳಗ ಕುಂತಾನ.”

“ಕುಂತ್ರ ಕುಂದರ್ಲಿ!” ಅವಳ ದನಿ ಒಮ್ಮೆಗೇ ಏರಿತು. “ನಮ್ಮಪ್ಪ ಮಣ್ಣಾಗ ಅದಾನ. ಮಾಳಿಂಗರಾಯ ಅನ್ನ ಉಂಡಕೋತ ಠಾಣ್ಯಾಗ ಅದಾನ. ಯಾರ ಸಲುವಾಗಿ ಅಳಬೇಕ್ರಿ ನಾನು?”

ಅಂದಾನೆಪ್ಪನವರೂ ನೆಲದ ಮೇಲೆಯೇ ಕೂತರು. ಮೊಣಕಾಲು ಲಟಕ್ ಎಂದಿತು. ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

“ಅಪ್ಪನ ಇದನ್ನ ಒಯ್ದಿದ್ದ,” ಎಂದಳು. “ಹಳೇ ರಟ್ಟು ಒಂದು ಹರದಿತ್ತು. ಅದರಾಗ ಒಂದು ಚೂರು ಕತ್ತರಿಸಿಕೊಂಡ. ‘ಇನ್ನ ನಿನ್ನ ಮಗ್ಗ ನಿಂದ್ರೂದಿಲ್ಲವಾ, ಮೂರನೇ ಫೀಡರಿಗೆ ಇದನ್ನ ಹಾಕ್ತೇನಿ’ ಅಂದ. ನಾನ ಅತ್ತಿದ್ನಿ ಅವನ ಮುಂದ. ಕರೆಂಟ್ ಹೋಗಿ ಮಗ್ಗ ನಿಂತ್ರ ಬಟ್ಟಿ ಮ್ಯಾಲ ಅಡ್ಡಗೆರಿ ಬೀಳ್ತೈತ್ರಿ. ಸಾವ್ಕಾರ ಸೀರಿ ತಿರಗಿ ಮಾರಿಗೆ ಒಗೀತಾನ. ಒಂದು ತಿಂಗಳದಾಗ ಆರು ಸೀರಿ ಹಂಗ ಹೋಗಿದ್ವು.”

“ಅಂದ್ರ ನಿಮ್ಮಪ್ಪನ ಇಟ್ಟಿದ್ದ. ಮೂರಕ್ಕ.”

“ಮೂರಕ್ಕ. ಹದಿನೆಂಟು ದಿನ ಒಂದು ಗೆರಿ ಬಿದ್ದಿಲ್ರಿ. ನಾಲ್ಕಕ್ಕ ಹ್ಯಾಂಗ ಹೋತು? ಅಪ್ಪ ಮೋಡ ಬಂದಾಗ ನಾಲ್ಕನೇ ಲೈನ್ ಹತ್ತತಾನಂತ ಚಿದಾನಂದಗ ಗೊತ್ತಿತ್ತು. ಅವನ ಸರಿಸ್ಯಾನ. ನೀವೂ ಹಂಗ ಅನ್ತೀರಲ್ಲ?”

“ಅನ್ತೇನಿ,” ಎಂದರು ಅಂದಾನೆಪ್ಪ. ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಅವರ ಎದೆಯಲ್ಲಿ ಒಂದಿಷ್ಟು ಗಾಳಿಯಾಡಿತು. ಹುಡುಗಿ ಇಷ್ಟನ್ನೇ ಕೋರ್ಟಿನಲ್ಲಿ ಹೇಳಿದರೆ ರಟ್ಟು ಮಾಳಿಂಗರಾಯನದ್ದಲ್ಲ ಎಂದಾಯಿತು. ಚಿದಾನಂದ ಬಂದದ್ದು ಒಂದು ಗಂಟೆಗೆ. ಅದಕ್ಕೊಂದು ಸಾಕ್ಷಿ ಸಿಕ್ಕರೆ ಸಾಕು. “ಗುರುವಾರದ ಬಟ್ಟಿ ಐತೇನವಾ? ಒಂದರ ತನಕ ಗೆರಿ ಇಲ್ಲ, ಮೂರೂ ಹತ್ತಕ್ಕ ಗೆರಿ ಐತಿ ಅಂತ ತೋರಿಸಿದ್ರ, ಚಿದಾನಂದ ತಪ್ಪಿಸಿಕೊಳ್ಳಾಕ ಆಗೂದಿಲ್ಲ.”

“ಮಗ್ಗದ ಮ್ಯಾಲೆ ಐತ್ರಿ. ಆವತ್ತಿನಿಂದ ಕೈ ಹಚ್ಚಿಲ್ಲ.”

ವೈಶಾಲಿ ಎದ್ದು ಮೊದಲನೇ ಮಗ್ಗದ ಹತ್ತಿರ ಹೋದಳು. ನೇಯ್ಗೆ ನಿಂತಲ್ಲಿಂದ ಒಂದು ಗೇಣು ಈಚೆಗೆ, ಕಡುನೀಲಿಯ ಒಡಲಿನ ಮೇಲೆ, ಬಾಚಣಿಗೆಯ ಹಲ್ಲು ತಪ್ಪಿದ ಹಾಗೆ ತೆಳ್ಳಗೆ ಒಂದು ಗೆರೆ. ಅವಳು ಅದನ್ನು ಮುಟ್ಟಲಿಲ್ಲ, ತೋರಿಸಿದಳು ಅಷ್ಟೆ.

“ಮೂರೂ ಹತ್ತರದು. ಕರೆಂಟ್ ಬಂದ ಮ್ಯಾಲೆ ಈ ಒಂದು ಗೇಣು ನೇಯ್ದೀನಿ. ಅಷ್ಟರಾಗ ಫೋನ್ ಬಂತು.”

ಒಬ್ಬ ಮನುಷ್ಯ ಜೀವ ಬಿಟ್ಟ ಗಳಿಗೆ ಸೀರೆಯ ಮೇಲೆ ಹಾಗೆ ಕೂತಿತ್ತು. ಅಂದಾನೆಪ್ಪನವರಿಗೆ ಅದನ್ನು ಬಹಳ ಹೊತ್ತು ನೋಡಲಾಗಲಿಲ್ಲ.

“ಇದರ ಹಿಂದ ಬಿಚ್ಚು. ಏನೂ ಇರಬಾರದು.”

ಅವಳು ಉರುಳೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚುತ್ತ ಬಂದಳು. ಒಂದು ಮೊಳ, ಎರಡು ಮೊಳ. ನೀಲಿ ನೀರಿನಂತೆ ನುಣ್ಣಗೆ ಬಂತು. ಎಂಟು ಮೊಳ, ಹತ್ತು ಮೊಳ. ಅಂದಾನೆ‍ಪ್ಪ ಮನಸ್ಸಿನಲ್ಲೇ ಒಂದು ಗಂಟೆಯ ಗಡಿ ದಾಟಿದರು. ಇನ್ನು ಸಾಕು ಎನ್ನಬೇಕು, ಅಷ್ಟರಲ್ಲಿ ಅವಳ ಕೈ ನಿಂತಿತು.

“ಇದೊಂದು ಐತ್ರಿ,” ಎಂದಳು. “ಮರತಿದ್ನಿ.”

ಇನ್ನೊಂದು ಗೆರೆ. ಮೊದಲನೆಯದರ ಹಾಗೆಯೇ, ಅಷ್ಟೇ ತೆಳ್ಳಗೆ.

“ನೂಲು ಹರದಿರಬೇಕು,” ಎಂದರು ಅಂದಾನೆಪ್ಪ.

“ನೂಲು ಹರದ್ರ ಹಿಂಗ ಬೀಳೂದಿಲ್ರಿ, ಅದನ್ನ ನಾ ಸರಿ ಮಾಡೇ ಚಾಲೂ ಮಾಡ್ತೇನಿ. ಕರೆಂಟ್ ಹೋದ್ರ ಅಷ್ಟ ಹಿಂಗ. ನೋಡ್ರಿ, ಆ ಮಗ್ಗದ ಮ್ಯಾಲೂ ಐತಿ.” ಎರಡನೇ ಮಗ್ಗದ ಬಟ್ಟೆ ಬಿಚ್ಚಿದಳು. ಅಲ್ಲಿಯೂ ಎರಡು ಗೆರೆ, ಅಷ್ಟೇ ಅಂತರದಲ್ಲಿ.

“ಎಷ್ಟ ಹೊತ್ತಿಗಿ?”

“ಆವಾಗ ನಾ ಅಪ್ಪಗ ಫೋನ್ ಮಾಡಿದ್ನಿ.” ಮೊಬೈಲ್ ತೆಗೆದು ತಡಕಿದಳು. “ಹನ್ನೊಂದು ಐವತ್ತೆರಡು. ‘ಅಪ್ಪಾ, ಮಗ್ಗ ನಿಂತ್ವು’ ಅಂದ್ನಿ. ಅವ ನಕ್ಕ. ‘ರಟ್ಟು ಜಾರಿ ಬಿದ್ದಿರಬೇಕವಾ, ಸಂಜಿಕೆ ಸ್ಟೇಷನ್ನಿಗೆ ಹೋಗಿ ನೋಡ್ತೇನಿ’ ಅಂದ.” ಆ ಸಂಜೆ ಜಕ್ಕಪ್ಪ ಎಲ್ಲಿಗೂ ಹೋಗಲಿಲ್ಲ, ಅವನನ್ನು ಹೊತ್ತುಕೊಂಡು ಬಂದರು.

ಹನ್ನೊಂದು ಐವತ್ತೆರಡು.

ಚಿದಾನಂದ ಬಂದದ್ದು ಒಂದಕ್ಕೆ. ಅವನು ಬರುವ ಮೊದಲೇ ಮೂರನೇ ರಿಲೇಯಲ್ಲಿ ರಟ್ಟು ಇರಲಿಲ್ಲ. ಅಂದಾನೆಪ್ಪ ಮಗ್ಗದ ಕಟ್ಟಿಗೆ ಹಿಡಿದು ನಿಂತರು. ಹನ್ನೊಂದೂವರೆಗೆ ಪೆಟ್ಟಿಗೆ ಮುಚ್ಚಿದವರು ಅವರೇ. ಆಮೇಲೆ ಕಂಟ್ರೋಲ್ ರೂಮಿನ ಬಾಗಿಲಿಗೆ ಎದುರಾಗಿ ಕಟ್ಟೆಯ ಮೇಲೆ ಕೂತು, ಮಾಳಿಂಗರಾಯ ತಂದ ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಹನ್ನೆರಡೂಕಾಲರ ತನಕ ಹರಟೆ ಹೊಡೆದಿದ್ದರು. ನಡುವೆ ಮೋಡ ಬಂದು ಒಳಗೆ ಲೈನು ಕತ್ತರಿಸುವ ಬ್ರೇಕರುಗಳು ಧಡ್ ಧಡ್ ಧಡ್ ಎಂದದ್ದು ಕೇಳಿಸಿತ್ತು. ಮೂರು ಸದ್ದು. ನಾಲ್ಕರಲ್ಲಿ ಒಂದು ಮೂಕಾಗಿದ್ದರಿಂದ ಮೂರೇ ಬರಬೇಕಾಗಿತ್ತು, ಸರಿಯಾಗಿದೆ ಎಂದು ಭಜಿ ಕಚ್ಚಿದ್ದರು. ಯಾವ ಮೂರು ಎಂದು ಯಾರು ನೋಡಿದರು? ಆ ಸದ್ದಿಗೆ ಮೊದಲು ಮಾಳಿಂಗರಾಯ ಅವರ ಪಕ್ಕದಿಂದ ಎದ್ದಿರಲಿಲ್ಲ. ಒಂದು ಬೆಕ್ಕೂ ಒಳಗೆ ಹೋಗಿರಲಿಲ್ಲ.

ಮತ್ತೆ ಯಾರು?

ಆಗ ಅವರಿಗೆ, ರಿಲೇಗಳನ್ನು ಗೂಡಿನಿಂದ ತೆಗೆದಿಟ್ಟುಕೊಂಡು ಟೆಸ್ಟ್ ಮಾಡಿದ ಆ ಮುಂಜಾನೆಯ ಮೇಜು ಕಣ್ಣೆದುರು ಬಂತು. ಮೂರನೇ ರಿಲೇ ಎಡಕ್ಕೆ, ನಾಲ್ಕನೆಯದು ಬಲಕ್ಕೆ. ಎರಡೂ ಅವಳಿ ಮಕ್ಕಳ ಹಾಗೆ ಒಂದೇ ನಮೂನೆ. ನಂಬರು ಇರುವುದು ಗೋಡೆಯ ಗೂಡಿನ ಮೇಲೆ, ರಿಲೇಯ ಮೇಲಲ್ಲ. ರಟ್ಟು ತೆಗೆದರು, ಎರಡನ್ನೂ ಟೆಸ್ಟ್ ಮಾಡಿದರು. ಕಣ್ಣಿಗೆ ಮಂಜು ಕವಿದಂತಾಗಿ, ಕಿಟಕಿಯ ಬೆಳಕು ಬೇಕೆಂದು ಮೇಜಿನ ಆಚೆ ಬದಿಗೆ ಹೋಗಿ ನಿಂತರು. ಅಲ್ಲಿಂದ ಕೈಚಾಚಿ ಎಡಗಡೆಯ ರಿಲೇಗೆ ರಟ್ಟು ಸಿಕ್ಕಿಸಿದರು. ಮೇಜಿನ ಆಚೆ ಬದಿಗೆ ಹೋದವನಿಗೆ ಎಡ ಬಲವಾಗುತ್ತದೆ ಎಂಬ ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು ಆ ಹೊತ್ತಿಗೆ ಅವರ ತಲೆಗೆ ಹೊಳೆಯಲಿಲ್ಲ. ಈಚೆ ಬಂದು, ಎರಡನ್ನೂ ಅವುಗಳ ಗೂಡಿಗೆ ಸರಿಯಾಗಿ ಸೇರಿಸಿದರು. ನನ್ನ ಕೈಗೇ ಕಣ್ಣದಾವ!

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಮುಸುರೆ ಬಾನಿಗೆ ಬಿತ್ತಂತೆ. ಒಂಬತ್ತು ದಿನ ನಾಲ್ಕು ಊರು ತಿರುಗಿ ಹುಡುಕಿದ ಕೊಲೆಗಾರ ತಗಡಿನ ಡಬ್ಬಿ ಹಿಡಿದುಕೊಂಡು ಸತ್ತವನ ಮಗಳ ಮುಂದೆ ನಿಂತಿದ್ದ.

“ಕಾಕಾ, ಮಾರಿ ಯಾಕ ಹಂಗಾತ್ರಿ? ನೀರ ತರ್ಲೇನು?”

ಬೇಡವೆಂದು ತಲೆಯಾಡಿಸಿದರು. ಹೇಳಿಬಿಡಬೇಕು ಅನಿಸಿತು. ಹೇಳಿದರೆ ಈ ಹುಡುಗಿ ಉಗುಳಬಹುದು, ಉಗುಳಲಿ. ಆದರೆ ಸತ್ತವನು ಏಳುವುದಿಲ್ಲ. ಇಟ್ಟವನು ಅಪ್ಪ, ಅಳುತ್ತ ಬೇಡಿದವಳು ಮಗಳು ಎಂಬುದೂ ಕೋರ್ಟಿನ ಕಾಗದಕ್ಕೆ ಏರುತ್ತದೆ, ಅಷ್ಟೆ. ಹೇಳದಿದ್ದರೆ ಮಾಳಿಂಗರಾಯ ಒಳಗೇ ಉಳಿಯುತ್ತಾನೆ. ಯಾವ ಕಡೆ ತಿರುಗಿದರೂ ದಾರಿ ಇರಲಿಲ್ಲ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಕ್ಷರ ಕಾಣದ ಕಣ್ಣಿನವರು, ಯಾವಾಗಲೂ ಮಾಡುವಂತೆ ಸ್ಪೀಕರ್ ಹಾಕಿಯೇ ಎತ್ತಿದರು.

“ಅಂದಾನೆಪ್ಪನವರ್ರೀ, ನಾನು ರಾಜಶ್ರೀ. ಮಾಳಿಂಗರಾಯ ಒಪ್ಪಿಕೊಂಡಾನ್ರಿ.”

“ಏನಂತ?”

“ತಾನ ಬೇಕಂತ ನಾಲ್ಕಕ್ಕ ರಟ್ಟು ಹಾಕ್ದೆ ಅಂತ. ಲಾಗ್‌ಬುಕ್ಕಿನ ಹಾಳಿನೂ ತಾನ ಹರದು ಸುಟ್ಟೆ ಅಂತ. ಸಹಿ ಮಾಡ್ಯಾನ. ಕೊಲೆ ಕೇಸ್ ಆತ್ರಿ ಇದು, ಇನ್ನ ಅವ ಹೊರಗ ಬರೂದು ಕಷ್ಟ.”

ಹಾಳೆ. ಬ್ರೇಕರು ಬಿದ್ದಾಗಲೆಲ್ಲ ಯಾವ ಫೀಡರು ಎಂದು ಬರೆದಿಡುವುದು ಅವನ ಕೆಲಸ. ಹನ್ನೊಂದು ಐವತ್ತೆರಡು: ಒಂದು, ಎರಡು, ಮೂರು; ನಾಲ್ಕು ಇಲ್ಲ. ಅದರ ಮೇಲಿನ ಸಾಲಿನಲ್ಲೇ ಟೆಸ್ಟಿಗೆ ಬಂದವರ ಹೆಸರು. ರಟ್ಟು ಯಾರ ಕೈಯಿಂದ ನಾಲ್ಕಕ್ಕೆ ಹೋಯಿತೆಂದು ಅವನಿಗೆ ಅಂದೇ ತಿಳಿದಿತ್ತು. ಸರಳಿನ ಆಚೆ ಕೈ ಮುಗಿದು ತಿರಗಬ್ಯಾಡ್ರಿ ಎಂದದ್ದು ಎದೆಗುಂದಿ ಅಲ್ಲ.

“ನನಗ ನಂಬಿಕಿ ಬರವಲ್ದು,” ರಾಜಶ್ರೀಯವರ ದನಿ ಶೆಡ್ಡಿನ ತಗಡಿಗೆ ಬಡಿದು ಜೋರಾಗಿ ಕೇಳುತ್ತಿತ್ತು. “ಸಹಿ ಮಾಡಿದ ಮ್ಯಾಲೆ, ಯಾರೂ ಕೇಳದ ಒಂದ ಮಾತು ಹೇಳ್ಯಾನ್ರಿ. ‘ಅಂದಾನೆಪ್ಪ ಸರ್ ಆವತ್ತ ಸ್ಟೇಷನ್ನಿಗೆ ಬಂದಿದ್ದಿಲ್ಲ, ಅದನ್ನೂ ಬರಕೊಳ್ರಿ’ ಅಂದ. ನಾ ನಿಮ್ಮ ಹೆಸರ ಎತ್ತಿದ್ದಿಲ್ಲ. ಖರೆ ಹೇಳ್ರಿ ಸರ್. ಆ ಗುರುವಾರ ನೀವು ಅಲ್ಲಿಗೆ ಹೋಗಿದ್ರೇನ್ರಿ?”

ಅಂದಾನೆಪ್ಪ ಸ್ಪೀಕರ್ ಆರಿಸಲು ಬೆರಳಾಡಿಸಿದರು. ಗುಂಡಿ ಸಿಗಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಬಾಗಿಲ ಕಡೆ ಹೆಜ್ಜೆ ಹಾಕಿದರು.

ವೈಶಾಲಿ ಬಿಚ್ಚಿದ ಸೀರೆಯನ್ನು ಕೆಳಗೆ ಬಿಟ್ಟು ಬಂದು, ಅವರಿಗೂ ಬಾಗಿಲಿಗೂ ನಡುವೆ ನಿಂತಳು. ಅವರ ಕೈಯಿಂದ ಫೋನು ತೆಗೆದುಕೊಂಡು ಮಗ್ಗದ ಹಲಗೆಯ ಮೇಲೆ, ಆ ಗೆರೆಯ ಪಕ್ಕದಲ್ಲಿ ಇಟ್ಟಳು.

“ಇಲ್ಲೇ ಹೇಳ್ರಿ ಕಾಕಾ,” ಎಂದಳು. “ನಾನೂ ಕೇಳ್ತೇನಿ.”